ಪಕ್ಕದವರು ನೋಡಿದ ಮೀನು

ನನ್ನ ಮೇಜಿನ ಮೇಲೆ ಒಂದು ರಟ್ಟಿನ ಚೀಟಿ ಇದೆ. ಅಂಗೈಯಷ್ಟು ಅಗಲ. ಮೊನ್ನೆ ಭಾನುವಾರ ರಾತ್ರಿ ಸಮುದ್ರದ ನೀರಲ್ಲಿ ನೆಂದು ಮೆತ್ತಗಾಗಿತ್ತು. ರೇಡಿಯೇಟರ್ ಮೇಲಿಟ್ಟು ಒಣಗಿಸಿದೆ. ಈಗ ಹಪ್ಪಳದ ಹಾಗೆ ಅಂಚು ಸುರುಟಿಕೊಂಡಿದೆ. ಪೆನ್ಸಿಲ್‌ನಲ್ಲಿ ಬರೆದದ್ದು, ಹಾಗಾಗಿ ಅಕ್ಷರ ಉಳಿದಿವೆ.

ಒಂಬತ್ತು ಸಾಲು, ಒಂಬತ್ತು ಮೀನು. ಹೆಸರಿನ ಮುಂದೆ ಸೆಂಟಿಮೀಟರಿನಲ್ಲಿ ಉದ್ದ. ವೈಟಿಂಗ್ ಐದು: 27, 24, 31, 29, 26. ಪೌಟಿಂಗ್ ಎರಡು: 22, 20. ಡ್ಯಾಬ್ ಒಂದು: 23. ಡಾಗ್‌ಫಿಷ್ ಒಂದು: 58. ಒಟ್ಟು 260. ಒಂದೊಂದು ಸಾಲಿನ ಕೊನೆಯಲ್ಲೂ ಒಂದೇ ಸಹಿ, ಒಂಬತ್ತು ಸಲ. ಮೊದಲ ಸಹಿ ದುಂಡಗಿದೆ. ಕೊನೆಯದು ಬರೀ ಗೀಟು. ಅಷ್ಟರಲ್ಲಿ ಸಹಿ ಹಾಕಿದವರ ಬೆರಳು ಚಳಿಗೆ ಮರಗಟ್ಟಿತ್ತು.

ಗಾಳ ಹಾಕುವ ಸ್ಪರ್ಧೆ ಮುಗಿದ ಮೇಲೆ ಈ ಚೀಟಿಯನ್ನು ಕ್ಲಬ್‌ನವರಿಗೆ ಕೊಡಬೇಕು. ಲೆಕ್ಕ ಹಾಕಿ ಆದ ಮೇಲೆ ನಾನು ಕೇಳಿ ವಾಪಸ್ ಇಸಿದುಕೊಂಡೆ. ಆ ಸಹಿಗಳಿಗಾಗಿ ಇಸಿದುಕೊಂಡೆ.

ಇದು ಇಂಗ್ಲೆಂಡಿನ ಡಾರ್ಸೆಟ್ ಕರಾವಳಿಯ ಮಾತು. ಅಲ್ಲಿ ಚೆಸಿಲ್ ಬೀಚ್ ಅಂತ ಒಂದು ದಂಡೆ. ವೆಸ್ಟ್ ಬೇ ಊರಿನಿಂದ ಪೋರ್ಟ್‌ಲ್ಯಾಂಡ್‌ವರೆಗೆ ಸುಮಾರು 29 ಕಿಲೋಮೀಟರ್. ಅಷ್ಟುದ್ದಕ್ಕೂ ಕಾಲಿಗೆ ಮರಳು ಸಿಗುವುದಿಲ್ಲ. ಎಲ್ಲಿ ನೋಡಿದರೂ ಉರುಟುಗಲ್ಲು. ಚೆಸಿಲ್ ಅನ್ನುವ ಹೆಸರೇ ಹಳೆಯ ಇಂಗ್ಲಿಷಿನಲ್ಲಿ ಕಲ್ಲುಹರಳಿಗೆ ಇದ್ದ ಮಾತಿನಿಂದ ಬಂದದ್ದು. ಬಹುಪಾಲು ಚಕಮಕಿ ಕಲ್ಲು ಮತ್ತು ಅದರದೇ ಜಾತಿಯವು. ಹಿಮಯುಗ ಕಳೆದು ಸಮುದ್ರ ಏರುತ್ತಾ ಬಂದಾಗ ಅಲೆಗಳು ಇವನ್ನೆಲ್ಲ ದಡಕ್ಕೆ ದೂಡಿ ಗುಡ್ಡೆ ಹಾಕಿದವು.

ಈ ಕಲ್ಲುಗಳಲ್ಲಿ ಒಂದು ಶಿಸ್ತು ಇದೆ. ವೆಸ್ಟ್ ಬೇ ಕಡೆ ಬಟಾಣಿ ಗಾತ್ರ. ಪೂರ್ವಕ್ಕೆ ನಡೆದಂತೆ ದೊಡ್ಡದಾಗುತ್ತಾ ಹೋಗುತ್ತವೆ. ಆ್ಯಬಟ್ಸ್‌ಬರಿ ಹತ್ತಿರ ಹುಣಸೆಬೀಜದ ಹಾಗೆ. ಪೋರ್ಟ್‌ಲ್ಯಾಂಡ್ ತಲುಪುವಾಗ ಆಲೂಗಡ್ಡೆ. ಹಿಂದಿನ ಕಾಲದ ಮೀನುಗಾರರು ಕತ್ತಲಲ್ಲೋ ಮಂಜಿನಲ್ಲೋ ದೋಣಿ ದಡಕ್ಕೆ ತಂದರೆ ಒಂದು ಹಿಡಿ ಕಲ್ಲು ಎತ್ತಿ ನೋಡಿ, ಎಲ್ಲಿ ಇಳಿದಿದ್ದೇವೆ ಅಂತ ಹೇಳುತ್ತಿದ್ದರಂತೆ. ಮೊದಲು ಕೇಳಿದಾಗ ಕಥೆ ಅಂದುಕೊಂಡಿದ್ದೆ. ಮೂರು ವರ್ಷ ಆ ದಂಡೆಯ ಮೇಲೆ ನಡೆದ ಮೇಲೆ ನಂಬುತ್ತೇನೆ. ಕಣ್ಣು ಮುಚ್ಚಿ ಅಂಗಾಲಿನಲ್ಲೇ ಹೇಳಬಹುದು. ಒಂದು ಕಲ್ಲನ್ನೂ ಮನೆಗೆ ಒಯ್ಯುವ ಹಾಗಿಲ್ಲ. ಕಾನೂನಿದೆ. ಹೊಸ ಕಲ್ಲು ಬಂದು ಸೇರುವುದು ತೀರಾ ಕಡಿಮೆ. ಇರುವುದನ್ನೇ ಉಳಿಸಿಕೊಳ್ಳಬೇಕು.

ನಾನು ಮರವಂತೆ ಕಡೆಯವನು. ಹಾಗಾಗಿ ಚೆಸಿಲ್ ಮೇಲೆ ಮೊದಲ ಸಲ ಹತ್ತಿ ನಿಂತಾಗ ಎದೆ ಝಲ್ ಅಂದಿತು. ಮರವಂತೆಯಲ್ಲಿ ಹೆದ್ದಾರಿಯ ಪಡುವಣಕ್ಕೆ ಕಡಲು, ಮೂಡಣಕ್ಕೆ ಸೌಪರ್ಣಿಕಾ ಹೊಳೆ. ನಡುವೆ ಒಂದು ರಸ್ತೆಯಷ್ಟೇ ನೆಲ. ಇಲ್ಲಿಯೂ ಹಾಗೇ. ಒಂದು ಕಡೆ ಲೈಮ್ ಬೇ ಕಡಲು. ಇನ್ನೊಂದು ಕಡೆ ಫ್ಲೀಟ್ ಅನ್ನುವ ಹಿನ್ನೀರು, ಸುಮಾರು 13 ಕಿಲೋಮೀಟರ್ ಉದ್ದ. ನಡುವೆ ಈ ಕಲ್ಲಿನ ಏರಿ. ಹಿನ್ನೀರಿನಲ್ಲಿ ಹಂಸಗಳು ತೇಲುತ್ತಿರುತ್ತವೆ. ಈಚೆ ಕಡಲು ಬಡಿಯುತ್ತಿರುತ್ತದೆ. 1824ರ ನವೆಂಬರ್‌ನಲ್ಲಿ ಒಂದು ರಾತ್ರಿ ಕಡಲು ಈ ಏರಿಯನ್ನೂ ದಾಟಿ ಬಂತು. ಫ್ಲೀಟ್ ಊರಿನ ಚರ್ಚು ಬಿದ್ದುಹೋಯಿತು. ಅದರ ಒಂದು ತುದಿ ಮಾತ್ರ ಇವತ್ತಿಗೂ ನಿಂತಿದೆ. ಮರವಂತೆಯಲ್ಲಿ ಮಳೆಗಾಲದ ಅಲೆಗೆ ಹೆದರಿ ರಸ್ತೆಯ ಬದಿಗೆ ಬಂಡೆ ಸುರಿಯುವುದನ್ನು ನೋಡುತ್ತಾ ಬೆಳೆದವನು ನಾನು. ಇದನ್ನು ಯಾರೂ ನನಗೆ ಬಿಡಿಸಿ ಹೇಳಬೇಕಿರಲಿಲ್ಲ.

ಸದ್ದು ಮಾತ್ರ ಬೇರೆ. ಮರವಂತೆಯಲ್ಲಿ ಅಲೆ ಬಂದು ಬೀಳುವಾಗ ಸದ್ದು ಜಾಸ್ತಿ, ಹಿಂದೆ ಹೋಗುವಾಗ ಮೌನ. ಇಲ್ಲಿ ಅಲೆ ಹಿಂದೆ ಹೋಗುವಾಗಲೇ ದೊಡ್ಡ ಸದ್ದು. ಸಾವಿರಾರು ಕಲ್ಲು ಒಟ್ಟಿಗೆ ಉರುಳುತ್ತವೆ. ಗೆರಸಿಯಲ್ಲಿ ಕುಚ್ಚಲಕ್ಕಿ ಕೇರಿದ ಹಾಗೆ. ಐದು ಗಂಟೆ ಅದನ್ನೇ ಕೇಳುತ್ತಾ ನಿಂತರೆ, ಮನೆಗೆ ಬಂದು ಮಲಗಿದ ಮೇಲೂ ಕಿವಿಯಲ್ಲಿ ಯಾರೋ ಅಕ್ಕಿ ಕೇರುತ್ತಲೇ ಇರುತ್ತಾರೆ.

ನಾನಿರುವ ಬ್ರಿಸ್ಟಲ್‌ನಿಂದ ಅಲ್ಲಿಗೆ ಎರಡು ಗಂಟೆ ದಾರಿ. ಇಲ್ಲಿ ಸಮುದ್ರದಲ್ಲಿ ಗಾಳ ಹಾಕಲು ಲೈಸೆನ್ಸ್ ಬೇಕಿಲ್ಲ. ಹೊಳೆ, ಕೆರೆಗಳಿಗೆ ಬೇಕು. ಒಬ್ಬನೇ ಹೋಗಿ ಗಾಳ ಹಾಕುತ್ತಿದ್ದವನು ಮೂರು ವರ್ಷದ ಹಿಂದೆ ಒಂದು ಸಣ್ಣ ಕ್ಲಬ್ ಸೇರಿದೆ. ಚಳಿಗಾಲದಲ್ಲಿ ತಿಂಗಳಿಗೊಂದು ಸ್ಪರ್ಧೆ. ಈ ಸಲದ್ದು ಆ್ಯಬಟ್ಸ್‌ಬರಿ ಕಡೆ. ಮಧ್ಯಾಹ್ನ 3ರಿಂದ ರಾತ್ರಿ 8.

ಮೊದಲು ಚೀಟಿ ಎತ್ತಬೇಕು. ಕಾರು ನಿಲ್ಲಿಸುವ ಜಾಗದಲ್ಲಿ ಎಲ್ಲರೂ ಸುತ್ತ ನಿಲ್ಲುತ್ತೇವೆ. ಒಂದು ಬಕೆಟ್‌ನಲ್ಲಿ ನಂಬರು ಬರೆದ ಬಿಲ್ಲೆಗಳು. ಯಾವ ನಂಬರು ಕೈಗೆ ಬಂತೋ ಆ ಜಾಗ ನಿನ್ನದು. ಆ ಜಾಗಕ್ಕೆ ಪೆಗ್ ಅನ್ನುತ್ತಾರೆ. ಅಂದು 24 ಜನ ಇದ್ದೆವು. ಎರಡು ಪೆಗ್‌ಗಳ ನಡುವೆ 40 ಹೆಜ್ಜೆ. ನನಗೆ 11. ಬಲಗಡೆ 10ರಲ್ಲಿ ಅಪ್ಪನ ಜೊತೆ ಬಂದ ಕಾಲೇಜು ಹುಡುಗ. ಎಡಗಡೆ 12ರಲ್ಲಿ ಅರವತ್ತು ದಾಟಿದ ಒಬ್ಬ ಹೆಂಗಸು. ಅಂಚೆ ಬಟವಾಡೆ ಮಾಡಿ ನಿವೃತ್ತಿಯಾದವರು. ಈ ದಂಡೆಗೆ ಚಿಕ್ಕಂದಿನಿಂದ ಬರುತ್ತಿದ್ದಾರಂತೆ. ನಾವು ಮೊದಲು ಒಂದೆರಡು ಸಲ ನಗು ಹಂಚಿಕೊಂಡಿದ್ದೆವು, ಅಷ್ಟೇ.

ನಿಯಮ ಸರಳ. ಒಬ್ಬರಿಗೆ ಒಂದೇ ರಾಡ್. ಮೂರು ಗಾಳಕ್ಕಿಂತ ಜಾಸ್ತಿ ಇಲ್ಲ. ಮೀನು 18 ಸೆಂಟಿಮೀಟರ್ ಇರಲೇಬೇಕು. ಒಂದು ಸೆಂಟಿಮೀಟರಿಗೆ ಒಂದು ಅಂಕ. ಚಿಲ್ಲರೆ ಮಿಲಿಮೀಟರು ಲೆಕ್ಕಕ್ಕಿಲ್ಲ. ಅಳತೆ ಆದ ಕೂಡಲೇ ಮೀನನ್ನು ಕಡಲಿಗೆ ಬಿಡಬೇಕು. ಹಿಂದೆ ಮೀನನ್ನು ಕೊಂದು ಚೀಲ ತುಂಬಿ ಕೊನೆಯಲ್ಲಿ ತಕ್ಕಡಿಗೆ ಹಾಕುತ್ತಿದ್ದರು. ಈಗ ಹೆಚ್ಚಿನ ಕ್ಲಬ್‌ಗಳು ಅದನ್ನು ಬಿಟ್ಟಿವೆ.

ಇನ್ನೊಂದು ನಿಯಮವಿದೆ. ಈ ಬರಹ ಅದರ ಸಲುವಾಗಿಯೇ. ನಿನ್ನ ಮೀನನ್ನು ನೀನೇ ಅಳೆಯಬಹುದು. ಆದರೆ ಪಕ್ಕದ ಪೆಗ್‌ನವರು ಬಂದು ನೋಡಿ ಸಹಿ ಹಾಕಬೇಕು. ಅವರು ನೋಡದ ಮೀನು ಮೀನಲ್ಲ.

ಯೋಚಿಸಿ ನೋಡಿ. ಪಕ್ಕದವರು ನಿನ್ನ ಎದುರಾಳಿ. ನಿನಗೆ ಅಂಕ ಬಂದರೆ ಅವರು ಒಂದು ಮೆಟ್ಟಿಲು ಕೆಳಗೆ. ನಿನ್ನ ಮೀನು ನೋಡಲು ಅವರು ತಮ್ಮ ರಾಡ್ ಬಿಟ್ಟು, ಆ ಜಾರುವ ಕಲ್ಲಿನ ಮೇಲೆ 40 ಹೆಜ್ಜೆ ಬರಬೇಕು, 40 ಹೆಜ್ಜೆ ವಾಪಸ್ ಹೋಗಬೇಕು. ಆ ಕಲ್ಲಿನ ಮೇಲೆ ಎರಡು ಹೆಜ್ಜೆ ಇಟ್ಟರೆ ಒಂದು ಹೆಜ್ಜೆ ಹಿಂದೆ ಜಾರುತ್ತದೆ. ಆ ಹೊತ್ತಲ್ಲಿ ಅವರ ಗಾಳಕ್ಕೆ ಮೀನು ಬಂದು ಹೋಗಿರಬಹುದು. ಆದರೂ ಬರುತ್ತಾರೆ. ಕೂಗಿದ ಕೂಡಲೇ ಬರುತ್ತಾರೆ.

ಗಾಳ ಹಾಕದವರಿಗೆ ಸಾಮಾನಿನ ಬಗ್ಗೆ ಒಂದು ಮಾತು. ದಂಡೆಯಿಂದ ಎಸೆಯುವ ರಾಡ್ 13 ಅಡಿ ಆಸುಪಾಸು. ಅದನ್ನು ಆನಿಸಲು ಮುಕ್ಕಾಲಿ ಸ್ಟ್ಯಾಂಡ್. ತುದಿಗೆ 5 ಔನ್ಸ್, ಅಂದರೆ 140 ಗ್ರಾಂ ಚಿಲ್ಲರೆ ಸೀಸದ ಗುಂಡು. ಗುಂಡಿಗೆ ನಾಲ್ಕು ತಂತಿಯ ಕಾಲು. ಅವು ನೆಲ ಕಚ್ಚಿ ಹಿಡಿಯುತ್ತವೆ, ಜೋರಾಗಿ ಎಳೆದರೆ ಮಡಚಿಕೊಳ್ಳುತ್ತವೆ. ಅಷ್ಟು ಭಾರವನ್ನು ಮೈಬಲ ಹಾಕಿ ಬೀಸುವಾಗ ತೆಳು ತಂಗೂಸು ತಡೆಯುವುದಿಲ್ಲ. ತಂಗೂಸು ಅಂದರೆ ನಮ್ಮ ಕಡೆ ನೈಲಾನ್ ದಾರ. ಅದಕ್ಕೇ ಮುಂದಿನ ಕೆಲವು ಮೀಟರು ದಪ್ಪ ದಾರ ಗಂಟು ಹಾಕುತ್ತಾರೆ. ಒಂದು ಔನ್ಸ್ ಸೀಸಕ್ಕೆ 10 ಪೌಂಡ್ ತಡೆಯುವ ದಾರ ಅಂತ ಲೆಕ್ಕ. 5 ಔನ್ಸ್‌ಗೆ 50 ಪೌಂಡ್. ಇದನ್ನು ಯಾರೂ ಸಡಿಲ ಬಿಡುವುದಿಲ್ಲ. ದಾರ ಕಡಿದರೆ ಆ ಗುಂಡು ಬಂದೂಕಿನ ಗುಂಡಿನ ಹಾಗೇ ಹಾರುತ್ತದೆ. ಪಕ್ಕದಲ್ಲಿ ಜನ ಇರುತ್ತಾರಲ್ಲ.

ಗಾಳಕ್ಕೆ ಲಗ್‌ವರ್ಮ್ ಅನ್ನುವ ಕಪ್ಪು ಹುಳ, ಜೊತೆಗೆ ಬೊಂಡಾಸಿನ, ಅಂದರೆ ಸ್ಕ್ವಿಡ್‌ನ, ಸಣ್ಣ ಪಟ್ಟಿ. ಬೊಂಡಾಸನ್ನು ಇಂಗ್ಲೆಂಡಿನ ಅಂಗಡಿಯಲ್ಲಿ ಎರೆ ಅಂತ ಮಾರುವುದನ್ನು ಮೊದಲು ನೋಡಿದಾಗ ಅಮ್ಮನಿಗೆ ಫೋಟೊ ಕಳಿಸಿದ್ದೆ. ಅಷ್ಟು ಒಳ್ಳೆ ಬೊಂಡಾಸ್ ಗಾಳಕ್ಕೆ ಹಾಕ್ತಾರಾ ಅಂತ ಅವರಿಗೆ ಸಂಕಟ.

ಮೊದಲ ಒಂದು ಗಂಟೆ ಯಾರಿಗೂ ಏನೂ ಇಲ್ಲ. ಅಂದು ಅಮಾವಾಸ್ಯೆಯ ಮಾರನೇ ದಿನ. ಉಬ್ಬರ ತುಂಬುವುದು ಸಂಜೆ 7ರ ಹೊತ್ತಿಗೆ. ಎಲ್ಲರಿಗೂ ಗೊತ್ತು, ಕತ್ತಲಾಗಬೇಕು, ನೀರು ಏರಬೇಕು. ಆದರೂ ಎಲ್ಲರ ಕಣ್ಣು ರಾಡ್ ತುದಿಯ ಮೇಲೆ. ನವೆಂಬರ್‌ನಲ್ಲಿ ಅಲ್ಲಿ ಸಂಜೆ 4.15ಕ್ಕೇ ಸೂರ್ಯ ಮುಳುಗುತ್ತಾನೆ. ಹಿಂದುಗಡೆ ಗುಡ್ಡದ ನೆತ್ತಿಯಲ್ಲಿ 14ನೇ ಶತಮಾನದ ಸೇಂಟ್ ಕ್ಯಾಥರಿನ್ ಚಾಪೆಲ್ ಇದೆ. ಒಂಟಿ ಕಲ್ಲಿನ ಕಟ್ಟಡ. ದಂಡೆ ಪೂರ್ತಿ ಕಪ್ಪಾದ ಮೇಲೂ ಅದರ ಅಂಚು ಸ್ವಲ್ಪ ಹೊತ್ತು ಕಾಣುತ್ತಿತ್ತು. ಆಮೇಲೆ ಅದೂ ಹೋಯಿತು. ಸಾಲಾಗಿ 24 ಹಣೆಯ ಲೈಟುಗಳು ಹತ್ತಿಕೊಂಡವು. ಕುಂದಾಪುರ ಕಡೆ ಹೊಳೆಯಲ್ಲಿ ರಾತ್ರಿ ದೋಣಿಗಳ ಲಾಟೀನು ಕಂಡ ಹಾಗೆ ಕಂಡಿತು ನನಗೆ.

ಕತ್ತಲಾದ ಹತ್ತೇ ನಿಮಿಷಕ್ಕೆ ರಾಡ್ ತುದಿ ಟಕ್ ಟಕ್ ಅಂದಿತು. ವೈಟಿಂಗ್.

ಈ ಹೆಸರಿನ ಬಗ್ಗೆ ಸುಮ್ನೆ ಒಂದು ಮಾತು. ನಮ್ಮ ಕಾಣೆ ಮೀನಿಗೆ ಇಂಗ್ಲಿಷಿನಲ್ಲಿ ಸಿಲ್ವರ್ ವೈಟಿಂಗ್ ಅಂತಲೂ ಕರೆಯುತ್ತಾರೆ. ಹಾಗಾಗಿ ಮೊದಲ ವರ್ಷ ವೈಟಿಂಗ್ ಅಂದಾಗ ನಾನು ಕಾಣೆಯನ್ನೇ ಕಾದಿದ್ದೆ. ಬಂದದ್ದು ಬೇರೆ. ಇದು ಕಾಡ್ ಮೀನಿನ ಕುಟುಂಬದ್ದು. ಕಾಣೆಗೂ ಇದಕ್ಕೂ ಸಂಬಂಧವೇ ಇಲ್ಲ. ಬಿಳಿ ಹೊಟ್ಟೆ, ಕಂದು ಬೆನ್ನು, ಬಾಯಲ್ಲಿ ಚೂಪು ಹಲ್ಲು. ಚಳಿಗಾಲದ ರಾತ್ರಿ ದಡಕ್ಕೆ ಹತ್ತಿರ ಬರುತ್ತದೆ. ಕ್ಲಬ್‌ನ ಹಿರಿಯರು ಈಗಲೂ ಕಾಡ್ ಬಗ್ಗೆ ಮಾತಾಡುತ್ತಾರೆ. ಅವರ ಹರೆಯದಲ್ಲಿ ಚಳಿಗಾಲ ಅಂದರೆ ಕಾಡ್. ಈಗ ಒಂದು ಕಂಡರೆ ಎಲ್ಲರೂ ಓಡಿ ಬಂದು ನೋಡುತ್ತಾರೆ. ನಮ್ಮ ಊರಲ್ಲಿ ಬೂತಾಯಿ ಬಾರದ ವರ್ಷ ಹಿರಿಯರು ಮಾತಾಡುವ ಧಾಟಿ ಇದೆಯಲ್ಲ, ಅದೇ ಧಾಟಿ.

ಮೀನನ್ನು ದಡಕ್ಕೆ ತರುವುದೇ ಇಲ್ಲಿ ಕಷ್ಟದ ಕೆಲಸ. ದಂಡೆ ಕಡಿದಾಗಿದೆ. ನೀರು ಅಂಚಿನಲ್ಲೇ ಆಳ. ಅಲೆ ಒಡೆದು ಮೇಲೆ ಬಂದು ಹಿಂದೆ ಸರಿಯುವಾಗ ಕಲ್ಲನ್ನೂ ಕಾಲನ್ನೂ ಎಳೆದುಕೊಂಡೇ ಹೋಗುತ್ತದೆ. ಅಲೆ ಮೇಲೇರುವಾಗ ಅದರ ಜೊತೆ ಮೀನನ್ನು ಎಳೆಯಬೇಕು. ಸರಿಯುವಾಗ ಎಳೆಯದೆ, ದಾರ ಸ್ವಲ್ಪ ಬಿಟ್ಟು ನಿಲ್ಲಬೇಕು. ಸರಿಯುವ ಅಲೆಯ ವಿರುದ್ಧ ಎಳೆದರೆ ದಾರ ಹೋಯಿತು. ಮೀನಿನ ಹಿಂದೆ ನೀರಿಗೆ ಇಳಿಯುವುದಂತೂ ಬೇಡವೇ ಬೇಡ. ಕ್ಲಬ್ ಸೇರಿದ ದಿನ ನನಗೆ ಹೇಳಿದ ಮೊದಲ ಮಾತೇ ಅದು.

ಬಕೆಟ್‌ನಲ್ಲಿ ಸಮುದ್ರದ ನೀರು. ಅದರಲ್ಲಿ ವೈಟಿಂಗ್. ನಾನು ಎಡಕ್ಕೆ ತಿರುಗಿ ಕೂಗಿದೆ. ಒಂದು ಲೈಟು ಅಲುಗಿತು, ಹತ್ತಿರ ಬಂತು. ಕಲ್ಲಿನ ಮೇಲೆ ಚರಕ್ ಚರಕ್ ಸದ್ದು. ಅವರು ಬಗ್ಗಿದರು. ಒದ್ದೆ ಕೈಯಲ್ಲಿ ಮೀನನ್ನು ಅಳತೆ ಹಲಗೆಯ ಮೇಲಿಟ್ಟೆ. ಮೂತಿ ಒಂದು ತುದಿಗೆ ತಾಗಿಸಿ ಬಾಲ ಚಾಚಿದೆ. "27" ಅಂದರು. ನಾನೂ 27 ಅಂದೆ. ಸಹಿ ಹಾಕಿದರು. ಮೀನನ್ನು ನಾನು ಅಲೆಯ ಅಂಚಿಗೆ ಒಯ್ದು ಬಿಟ್ಟೆ. ಅವರು ವಾಪಸ್ ಹೋದರು. ಮುಟ್ಟುವ ಮೊದಲೇ ಅವರ ರಾಡ್ ಬಾಗಿತ್ತು. ಈಗ ನಾನು ಓಡಿದೆ.

ಐದು ಗಂಟೆಯಲ್ಲಿ ಸಹಿ ಹಾಕಲು ಅವರು ನನ್ನ ಹತ್ತಿರ ಒಂಬತ್ತು ಸಲ ಬಂದರು. ನಾನು ಅವರ ಹತ್ತಿರ ಹನ್ನೊಂದು ಸಲ ಹೋದೆ.

ನನ್ನ ಅಪ್ಪಯ್ಯ ಹುಡುಗನಾಗಿದ್ದಾಗ ರಂಪಣಿ ಬಲೆ ಎಳೆದವರು. ಯಾಂತ್ರಿಕ ಪರ್ಸೀನ್ ಬೋಟುಗಳು ಬಂದು ರಂಪಣಿ ನಿಂತುಹೋಗುವ ಮೊದಲಿನ ಮಾತು. ನಾನು ನೋಡಿಲ್ಲ, ಅವರ ಬಾಯಲ್ಲಿ ಕೇಳಿದ್ದು. ದೋಣಿ ದಡದಿಂದ ಹೊರಟು ಬಲೆ ಬಿಡುತ್ತಾ ಅರ್ಧಚಂದ್ರದ ಹಾಗೆ ಸುತ್ತಿ ಮತ್ತೆ ದಡಕ್ಕೆ ಬರುತ್ತದೆ. ಎರಡು ತುದಿಯ ಹಗ್ಗವನ್ನು ಊರಿಗೆ ಊರೇ ನಿಂತು ಎಳೆಯುತ್ತದೆ. ಬಲೆ ಮರಳಿನ ಮೇಲೆ ಬಂದು ಬಿಚ್ಚಿಕೊಂಡಾಗ ಬಂಗುಡೆ ಬೆಳ್ಳಿಯ ಹಾಗೆ ಕುಣಿಯುತ್ತದೆ. ಆ ಹೊತ್ತಿಗೆ ಅದು ಯಾರ ಮೀನೂ ಅಲ್ಲ. ಎಲ್ಲರ ಕಣ್ಣೆದುರು ರಾಶಿ ಹಾಕಬೇಕು. ಎಲ್ಲರ ಕಣ್ಣೆದುರು ಪಾಲು ಮಾಡಬೇಕು. ಬಲೆಗೆ ಇಷ್ಟು, ದೋಣಿಗೆ ಇಷ್ಟು, ಎಳೆದವರಿಗೆ ಇಷ್ಟು. ಹಗ್ಗ ಮುಟ್ಟಿದ ಮಕ್ಕಳಿಗೂ ಒಂದು ಹಿಡಿ. ಕತ್ತಲಾದರೆ ಲಾಟೀನು ತಂದು ಬೆಳಕಿನಲ್ಲೇ ಪಾಲು ಮಾಡುತ್ತಿದ್ದರಂತೆ. ಕತ್ತಲಲ್ಲಿ ಪಾಲು ಮಾಡಬಾರದು ಅಂತ ಅಪ್ಪಯ್ಯ ಇವತ್ತಿಗೂ ಹೇಳುತ್ತಾರೆ. ಆಸ್ತಿಯ ಮಾತು ಬಂದಾಗಲೂ ಇದನ್ನೇ ಹೇಳುತ್ತಾರೆ.

ಚೆಸಿಲ್ ದಂಡೆಯಲ್ಲಿ ಎಲ್ಲರೂ ಒಂಟಿ. ಒಬ್ಬರಿಗೆ ಒಂದು ರಾಡ್, ಒಂದು ಬಕೆಟ್, ಒಂದು ಪೆಗ್. ಮೀನು ಯಾರ ಮನೆಗೂ ಹೋಗುವುದಿಲ್ಲ. ರಂಪಣಿಗೂ ಇದಕ್ಕೂ ಎಲ್ಲಿಯ ಹೋಲಿಕೆ ಅಂತ ನೀವು ಕೇಳಬಹುದು. ಅಪ್ಪಯ್ಯನೂ ಕೇಳಿದ್ದರು. ನನಗೆ ಹೋಲಿಕೆ ಕಂಡದ್ದು ಆ ಲೈಟು ಕತ್ತಲಲ್ಲಿ ಅಲುಗಿ ನನ್ನ ಕಡೆ ಬರುವಾಗ. ಇಲ್ಲಿಯೂ ಬೆಳಕಿನಲ್ಲೇ ಅಳೆಯಬೇಕು. ಇನ್ನೊಬ್ಬರ ಕಣ್ಣೆದುರೇ ಅಳೆಯಬೇಕು.

ಮೀನನ್ನು ಬಿಡುವುದಾದರೆ ಹಿಡಿಯುವುದು ಯಾಕೆ? ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಊರಲ್ಲಿ ಮೀನು ಅಂದರೆ ಊಟ. ಮೀನಿನ ಬಾಯಿಗೆ ಗಾಳ ಚುಚ್ಚಿ, ಎಳೆದು ತಂದು, ಅಳೆದು ಬಿಟ್ಟರೆ ಅದಕ್ಕೆ ನೋವಾಗುವುದಿಲ್ಲ ಅಂತ ನಾನು ಹೇಳಲಾರೆ. ಗಾಳ ಆಳಕ್ಕೆ ನುಂಗಿದ ಒಂದೆರಡು ಮೀನು ಬದುಕುವುದಿಲ್ಲ ಅನ್ನುವುದೂ ಗೊತ್ತು. ನನ್ನ ಕೈಲಾದದ್ದು ಇಷ್ಟು. ಗಾಳದ ತುದಿಯ ಹಿಮ್ಮುಖ ಮುಳ್ಳನ್ನು ಒತ್ತಿ ಚಪ್ಪಟೆ ಮಾಡುತ್ತೇನೆ, ಬಿಡಿಸುವಾಗ ಹರಿಯಬಾರದು. ಕೈ ಒದ್ದೆ ಮಾಡದೆ ಮುಟ್ಟುವುದಿಲ್ಲ. ಒಣ ಕಲ್ಲಿನ ಮೇಲೆ ಇಡುವುದಿಲ್ಲ. ಪೌಟಿಂಗ್ ಮೀನಿನ ಹುರುಪೆ ಮುಟ್ಟಿದರೇ ಉದುರುತ್ತದೆ, ಅದನ್ನು ಬಕೆಟ್‌ನ ನೀರಲ್ಲೇ ತಡವುತ್ತೇನೆ. ಡಾಗ್‌ಫಿಷ್ ಅಂದರೆ ಸಣ್ಣ ತಾಟೆ, ಶಾರ್ಕ್ ಜಾತಿಯದು. ಮೈ ಮರಳು ಕಾಗದದ ಹಾಗಿರುತ್ತದೆ. ಅದು ಕೈಗೆ ಸುತ್ತಿಕೊಂಡರೆ ಚರ್ಮ ಕೀಳುತ್ತದೆ. ತಲೆ ಬಾಲ ಎರಡನ್ನೂ ಒಟ್ಟಿಗೆ ಹಿಡಿಯಬೇಕು. ಹೀಗೆ ಹಿಡಿದಾಗ ಅದು ಶಾಂತವಾಗುತ್ತದೆ. ಆ 58 ಸೆಂಟಿಮೀಟರಿನ ತಾಟೆಯನ್ನು ನೀರಿಗೆ ಬಿಟ್ಟಾಗ ಅದು ಒಂದು ಕ್ಷಣ ನಿಂತು, ಆಮೇಲೆ ಮೈ ಬಳುಕಿಸಿ ಹೋಯಿತು. ಅದರ ಹಸಿರು ಕಣ್ಣು ಲೈಟಿಗೆ ಹೊಳೆದದ್ದು ಈಗಲೂ ಕಾಣುತ್ತದೆ. ಪ್ರಶ್ನೆಗೆ ಇದು ಉತ್ತರವಲ್ಲ. ನಾನು ಪ್ರಶ್ನೆಯನ್ನು ಜೊತೆಯಲ್ಲೇ ಇಟ್ಟುಕೊಂಡಿದ್ದೇನೆ.

ಆರೂವರೆ ಹೊತ್ತಿಗೆ ಪಕ್ಕದ ಪೆಗ್‌ನ ಹೆಂಗಸು ಕೂಗಿದರು. ನಾನು ಹೋದೆ. ಬಕೆಟ್‌ನಲ್ಲಿ ಸಣ್ಣ ಪೌಟಿಂಗ್. ಹಲಗೆಯ ಮೇಲಿಟ್ಟರು. ಬಾಲ ಚಾಚಿದರು. ನಾನು ಬಗ್ಗಿ ನೋಡಿದೆ. 18ರ ಗೀಟು ಮುಟ್ಟಿತ್ತಾ? ಮುಟ್ಟಿದ ಹಾಗಿತ್ತು. ಲೈಟು ಓರೆಯಾಗಿ ಬೀಳುತ್ತಿತ್ತು. ಇನ್ನೊಮ್ಮೆ ಬಗ್ಗಿದೆ. ಬಾಲದ ತುದಿಗೂ ಗೀಟಿಗೂ ನಡುವೆ ಒಂದು ಕೂದಲೆಳೆಯ ಬಿಳಿ ಜಾಗ. ಗೀಟು ಮುಟ್ಟಿರಲಿಲ್ಲ.

ಅವರು ನನ್ನ ಮುಖ ನೋಡುತ್ತಿದ್ದರು. ತಾವು ಏನೂ ಹೇಳಲಿಲ್ಲ.

ಹೇಳುವುದು ಇಷ್ಟು ಕಷ್ಟ ಅಂತ ನನಗೆ ಗೊತ್ತಿರಲಿಲ್ಲ. ಸಂಜೆಯಿಂದ ನನಗಾಗಿ ಐದಾರು ಸಲ ನಡೆದು ಬಂದವರು. ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ನಾನು ಆ ದಂಡೆಗೆ ಹೊಸಬ, ಆ ದೇಶಕ್ಕೂ ಒಂದು ಲೆಕ್ಕದಲ್ಲಿ ಹೊಸಬ. 18 ಅಂದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮೀನು ಕಡಲಿಗೆ ಹೋಗಿಬಿಡುತ್ತದೆ. ಸಾಕ್ಷಿ ನಾನೊಬ್ಬನೇ.

"17" ಅಂದೆ.

ಅವರು ಹಲಗೆಯನ್ನು ತಮ್ಮ ಕಡೆ ತಿರುಗಿಸಿ ನೋಡಿದರು. "ಹೌದು, 17. ನೀವು ನೋಡಿದ್ದು ಸರಿ" ಅಂದರು. ಮೀನನ್ನು ಎರಡೂ ಅಂಗೈಯಲ್ಲಿ ಎತ್ತಿಕೊಂಡು ನೀರಿನ ಕಡೆ ಹೋದರು. ಹಿಂದಿರುಗಿ ಬರುವಾಗ ನನ್ನ ಭುಜ ತಟ್ಟಿ, ಥರ್ಮಾಸ್‌ನಿಂದ ಒಂದು ಮುಚ್ಚಳ ಚಹಾ ಬಗ್ಗಿಸಿ ಕೊಟ್ಟರು. ಹಾಲು ಜಾಸ್ತಿ, ಸಕ್ಕರೆ ಇರಲಿಲ್ಲ. ನಿಂತುಕೊಂಡೇ ಕುಡಿದೆ. ಇಬ್ಬರ ರಾಡೂ ಆಗ ಸುಮ್ಮನಿದ್ದವು.

ಮುಗಿಯಲು ಇಪ್ಪತ್ತು ನಿಮಿಷ ಇತ್ತು. ಉಬ್ಬರ ತುಂಬಿ ಇಳಿಯಲು ಶುರುವಾಗಿತ್ತು. ಗಾಳಿ ನೈರುತ್ಯಕ್ಕೆ ತಿರುಗಿ ಅಲೆ ದೊಡ್ಡದಾಗಿತ್ತು. ಕೊನೆಯ ಎಸೆತ ಅಂದುಕೊಂಡು ದೂರ ಎಸೆಯದೆ, ಅಲೆ ಒಡೆಯುವ ಜಾಗದ ಆಚೆಗೇ ಹಾಕಿದೆ. ದಂಡೆ ಅಷ್ಟು ಕಡಿದಾದ್ದರಿಂದ ಇಪ್ಪತ್ತು ಮೀಟರಿನಲ್ಲೇ ಸಾಕಷ್ಟು ಆಳ ಇರುತ್ತದೆ. ಮೀನು ಕಾಲ ಬುಡದಲ್ಲೇ ಮೇಯುತ್ತದೆ.

ರಾಡ್ ಟಕ್ ಅನ್ನಲಿಲ್ಲ. ಸೀದಾ ಬಾಗಿತು. ಮುಕ್ಕಾಲಿ ಅಲುಗಿತು. ಎತ್ತಿ ಹಿಡಿದಾಗ ಆಚೆಯಿಂದ ತಲೆ ಕೊಡವುವುದು ಮುಂಗೈಗೆ ಗೊತ್ತಾಯಿತು. ಅದು ಎಡಕ್ಕೆ ಓಡಿತು. ದಾರ ಬಿಟ್ಟೆ. ನಿಂತಿತು. ಸುತ್ತಿದೆ. ಮತ್ತೆ ಓಡಿತು. ಒಂದು ಅಲೆ ಮೇಲೇರುವಾಗ ಅದರ ಜೊತೆ ಎಳೆದೆ. ಲೈಟಿನ ಬೆಳಕಲ್ಲಿ ಅದನ್ನು ನೋಡಿದೆ. ಬಾಸ್ ಮೀನು. ಬೆಳ್ಳಿ ಮೈ. ಬೆನ್ನಿನ ಮುಳ್ಳುಗಳು ಎದ್ದು ನಿಂತಿದ್ದವು. ಅಲೆಯ ನೊರೆಯಲ್ಲಿ ಮಗ್ಗುಲಾಗಿ ಮಲಗಿತ್ತು. ನನ್ನಿಂದ ನಾಲ್ಕು ಹೆಜ್ಜೆ.

ಅಲೆ ಹಿಂದೆ ಸರಿಯಿತು. ಕಲ್ಲೆಲ್ಲ ಒಟ್ಟಿಗೆ ಉರುಳಿದವು. ಮೀನಿನ ಭಾರ, ನೀರಿನ ಭಾರ ಎರಡೂ ದಾರದ ಮೇಲೆ. ನಾನು ಬಿಗಿ ಹಿಡಿದೆ. ಬಿಡಬೇಕಿತ್ತು. ಗಾಳದ ಹತ್ತಿರದ ಸಣ್ಣ ದಾರ ಕಡಿಯಿತು. ರಾಡ್ ಮೇಲಕ್ಕೆ ಹಾರಿತು. ಮುಂದಿನ ಅಲೆ ಬಂದು ಹೋದಾಗ ಅಲ್ಲಿ ಬರೀ ಕಲ್ಲು.

ಎಡಕ್ಕೆ ತಿರುಗಿದೆ. ಅವರು ನನಗೆ ಬೆನ್ನು ಮಾಡಿ ಗಾಳಕ್ಕೆ ಹುಳ ಪೋಣಿಸುತ್ತಿದ್ದರು. ನನ್ನ ಕೂಗಿಗೆ ಓಡಿ ಬಂದರು. ಹೇಳಿದೆ. ಅವರು ನೀರಿನ ಕಡೆ ಲೈಟು ಹಾಕಿ ತುಂಬಾ ಹೊತ್ತು ನೋಡಿದರು, ಅದು ಇನ್ನೂ ಅಲ್ಲೇ ಇರಬಹುದು ಅನ್ನುವ ಹಾಗೆ. "ನಾನು ನೋಡಲಿಲ್ಲ" ಅಂದರು. "ನೋಡಬೇಕಿತ್ತು. ಸಾರಿ." ದಡ ಮುಟ್ಟದ ಮೀನಿಗೆ ಹೇಗೂ ಅಂಕ ಇಲ್ಲ. ಅವರು ಆ ಅರ್ಥದಲ್ಲಿ ಹೇಳಲಿಲ್ಲ. ನನಗೆ ಅದು ಗೊತ್ತಾಯಿತು.

ಎಂಟಕ್ಕೆ ಸೀಟಿ ಊದಿದರು. ಕಾರು ನಿಲ್ಲಿಸುವ ಜಾಗದಲ್ಲಿ ಚೀಟಿ ಒಪ್ಪಿಸಿದೆವು. ಒಬ್ಬರು ಕಾರಿನ ಡಿಕ್ಕಿಯ ಬೆಳಕಿನಲ್ಲಿ ಕೂತು ಲೆಕ್ಕ ಹಾಕಿದರು. ಮೊದಲನೆಯವರಿಗೆ 341. ಎರಡನೆಯವರಿಗೆ 305. ಮೂರನೆಯವರಿಗೆ 283. ನನ್ನ ಪಕ್ಕದವರಿಗೆ 268, ನಾಲ್ಕನೇ ಸ್ಥಾನ. ಹಣ ಸಿಗುವುದು ಮೂರನೆಯವರ ತನಕ ಮಾತ್ರ.

268ಕ್ಕೆ 18 ಕೂಡಿಸಿದರೆ 286. ಕೂಡಿಸಲು ಕಾಗದ ಬೇಕಾಗಲಿಲ್ಲ. ಅವರ ಕಡೆ ನೋಡಿದೆ. ಅವರೂ ಕೂಡಿಸಿದ್ದರು. ಮುಖದಲ್ಲಿ ಗೊತ್ತಾಗುತ್ತಿತ್ತು. ಗೆದ್ದವರಿಗೆ ಚಪ್ಪಾಳೆ ತಟ್ಟಿದರು. ಬೂಟಿನ ಕಲ್ಲು ಕೊಡವಿ ಕೊಡವಿ ಅಲ್ಲೇ ದಂಡೆಯ ಕಡೆ ಎಸೆದರು. ಹೋಗುವಾಗ ನನ್ನ ಕಾರಿನ ಕಿಟಕಿ ತಟ್ಟಿ, ಡಿಸೆಂಬರ್‌ನಲ್ಲಿ ಬರುತ್ತೀರಲ್ವಾ ಅಂತ ಕೇಳಿದರು. ಬರುತ್ತೇನೆ ಅಂದೆ.

ಸೋಮವಾರ ಬೆಳಿಗ್ಗೆ ಊರಿಗೆ ಫೋನ್ ಮಾಡಿದೆ. ಅಲ್ಲಿ ಆಗ ಮಧ್ಯಾಹ್ನದ ಊಟದ ಹೊತ್ತು.

"ಎಷ್ಟ್ ಸಿಕ್ತ್ ಮಗಾ?" ಅಪ್ಪಯ್ಯನ ಮೊದಲ ಪ್ರಶ್ನೆ ಯಾವಾಗಲೂ ಇದೇ.

ಒಂಬತ್ತು ಅಂದೆ.

"ಒಂಬತ್ತೂ ಬಿಟ್ಟ್ ಬಂದ್ಯಾ?"

ಬಿಟ್ಟೆ ಅಂದೆ. ಅವರು ಏನೂ ಹೇಳಲಿಲ್ಲ. ಮೂರು ವರ್ಷದಿಂದ ಕೇಳಿ ಅಭ್ಯಾಸವಾಗಿದೆ. ಆಮೇಲೆ 17ರ ಮೀನಿನ ಕಥೆ ಹೇಳಿದೆ. ಅದಕ್ಕೆ "ಹ್ಞೂಂ" ಅಂದರು. ಒಂದು ಸಲ ಅಲ್ಲ, ಎರಡು ಸಲ. ಕೊನೆಗೆ ಬಾಸ್ ಮೀನಿನ ಕಥೆ ಹೇಳಿದೆ. ಯಾರೂ ನೋಡಲಿಲ್ಲ, ಚೀಟಿಯಲ್ಲೂ ಇಲ್ಲ ಅಂದೆ.

ಅಪ್ಪಯ್ಯ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು, "ಬೆನ್ನಿನ್ ಮುಳ್ಳ್ ಎದ್ದಿತ್ತಾ?"

"ಎದ್ದಿತ್ ಅಪ್ಪಯ್ಯ."

"ಮಗ್ಗುಲ್ ಬಿದ್ದಿತ್ತಾ, ನೆಟ್ಟಗಿತ್ತಾ?"

"ಮಗ್ಗುಲ್ ಬಿದ್ದಿತ್ತ್."

"ಹಂಗಾರ್ ಅದಕ್ಕೂ ಸುಸ್ತ್ ಆಗಿತ್ತ್. ಇನ್ನೊಂದ್ ಅಲೆ ಕಾಯ್ಕಿತ್ತ್ ನೀನ್." ಮತ್ತೆ ಕೇಳಿದರು, "ಆ ಹೆಂಗಸ್ ಮುಂದಿನ್ ಸಲವೂ ನಿನ್ ಪಕ್ಕವೇ ಇರ್ತ್ರಾ?"

ಅದು ಹೇಳಲು ಆಗುವುದಿಲ್ಲ, ಬಕೆಟ್‌ಗೆ ಕೈ ಹಾಕಿದಾಗ ಯಾವ ನಂಬರು ಬರುತ್ತದೋ ಅದು, ಅಂದೆ.